ಜಗ್ಗದ ಪದಗಳ ಸಹವಾಸ: ಕೋಕಾ ಕಾರ್ಪಸ್ ಬಳಸಿದ ಎಂಟು ವರ್ಷ

ಕನ್ನಡದಿಂದ ಇಂಗ್ಲಿಷಿಗೆ ಅನುವಾದ ಮಾಡುವುದು ನನ್ನ ಕಸುಬು. ಓದಿದ್ದು ಹತ್ತನೆಯ ತರಗತಿಯವರೆಗೂ ಕನ್ನಡ ಮಾಧ್ಯಮದಲ್ಲಿ. ಹಾಗಾಗಿ ಇಂಗ್ಲಿಷ್ ವ್ಯಾಕರಣ ನನಗೆ ಬಾಯಿಪಾಠವಾಗಿ ಬಂದದ್ದು, ಕಿವಿಯಿಂದ ಬಂದದ್ದಲ್ಲ. 2017ರಲ್ಲಿ ಒಂದು ಕಥೆಯ ಅನುವಾದ ಸಂಪಾದಕರಿಂದ ಮರಳಿ ಬಂದಾಗ ಒಂದು ಸಾಲಿನ ಸುತ್ತ ಪೆನ್ಸಿಲ್ ಗುರುತಿತ್ತು. ಮೂಲದಲ್ಲಿ ‘ಮಗನ ಪತ್ರ ಅವಳಿಗೆ ಸಂತೋಷ ಉಂಟುಮಾಡಿತು’ ಎಂದಿತ್ತು. ನಾನು ಅದಕ್ಕೆ ‘ಕಾಝ್ಡ್ ಹರ್ ಹ್ಯಾಪಿನೆಸ್’ ಎಂದು ಬರೆದಿದ್ದೆ. ‘ಹೀಗೆ ಹೇಳುವುದಿಲ್ಲ’ ಎಂದು ಅಂಚಿನಲ್ಲಿ ಷರಾ. ಯಾಕೆ ಹೇಳುವುದಿಲ್ಲ? ನಿಘಂಟಿನಲ್ಲಿ ‘ಕಾಝ್’ ಎಂದರೆ ಉಂಟುಮಾಡು ಎಂದೇ ಇದೆ. ಕರ್ತೃ, ಕರ್ಮ, ಕ್ರಿಯಾಪದ ಎಲ್ಲವೂ ತಂತಮ್ಮ ಜಾಗದಲ್ಲೇ ಇವೆ. ಎರಡು ದಿನ ಸಿಟ್ಟು ಇಳಿಯಲಿಲ್ಲ.

ಸಿಟ್ಟು ಇಳಿಸಿದ್ದು ಕೋಕಾ. ಹೆಸರು ಕೇಳಿ ತಂಪು ಪಾನೀಯ ನೆನಪಾದರೆ ತಪ್ಪಿಲ್ಲ, ನನಗೂ ಹಾಗೇ ಆಗಿತ್ತು. ಇದು ‘ಕಾರ್ಪಸ್ ಆಫ್ ಕಂಟೆಂಪರರಿ ಅಮೆರಿಕನ್ ಇಂಗ್ಲಿಷ್’ ಎಂಬುದರ ಮೊಟಕು ಹೆಸರು. ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿದ್ದ ಭಾಷಾವಿಜ್ಞಾನಿ ಮಾರ್ಕ್ ಡೇವಿಸ್ 2008ರಲ್ಲಿ ಇದನ್ನು ಬಳಕೆಗೆ ಬಿಟ್ಟರು. ಕಾರ್ಪಸ್ ಎಂದರೆ ಪಠ್ಯಗಳ ಕಣಜ. ನಾನು ಒಳಹೊಕ್ಕಾಗ ಐವತ್ತು ಕೋಟಿಗೂ ಹೆಚ್ಚು ಪದಗಳಿದ್ದವು. 2020ರಲ್ಲಿ ಅದು ನೂರು ಕೋಟಿ ದಾಟಿತು. ಟಿವಿ ಮತ್ತು ರೇಡಿಯೊ ಮಾತುಕತೆ, ಕಥೆ ಕಾದಂಬರಿ, ನಿಯತಕಾಲಿಕ, ಪತ್ರಿಕೆ, ವಿದ್ವತ್ ಲೇಖನಗಳ ಜೊತೆಗೆ ಸಿನಿಮಾ ಮತ್ತು ಧಾರಾವಾಹಿಗಳ ಸಂಭಾಷಣೆ, ಬ್ಲಾಗು, ಜಾಲತಾಣಗಳ ಬರಹ ಸೇರಿ ಎಂಟು ಬಗೆ ಆದವು.

‘ಕಾಝ್’ ಎಂದು ಕೊಟ್ಟು, ಅದರ ಬಲಕ್ಕೆ ಬರುವ ನಾಮಪದಗಳು ಯಾವುವು ಎಂದು ಕೇಳಿದೆ. ಪಟ್ಟಿ ಬಂತು: ಪ್ರಾಬ್ಲಮ್ಸ್, ಡ್ಯಾಮೇಜ್, ಡೆತ್, ಪೇನ್, ಕ್ಯಾನ್ಸರ್, ಟ್ರಬಲ್. ಊರಿನ ಅನಿಷ್ಟಗಳೆಲ್ಲ ಸಾಲಾಗಿ ನಿಂತಂತಿತ್ತು. ನಮ್ಮ ‘ಉಂಟುಮಾಡು’ ಸಂತೋಷಕ್ಕೂ ಸೈ, ನೋವಿಗೂ ಸೈ. ಇಂಗ್ಲಿಷಿನ ಈ ಪದ ಹಾಗಲ್ಲ, ಹೆಚ್ಚಾಗಿ ಕೆಟ್ಟದ್ದರ ಬೆನ್ನಿಗೇ ಹೋಗುತ್ತದೆ. ಕನ್ನಡದಲ್ಲೂ ಇಂಥದ್ದಿದೆ. ‘ನಿನ್ನ ದೆಸೆಯಿಂದ ಬಸ್ ತಪ್ಪಿತು’ ಎನ್ನುತ್ತೇವೆ, ‘ನಿನ್ನ ದೆಸೆಯಿಂದ ಬಹುಮಾನ ಬಂತು’ ಎಂದರೆ ಕೇಳಿದವರು ಒಮ್ಮೆ ಮುಖ ನೋಡುತ್ತಾರೆ. ಇದನ್ನು ನನಗೆ ಯಾವ ಮೇಷ್ಟರೂ ಹೇಳಿಕೊಟ್ಟಿರಲಿಲ್ಲ. ಆದರೂ ಗೊತ್ತಿತ್ತು. ಇಂಗ್ಲಿಷಿನಲ್ಲಿ ನನಗಿಲ್ಲದ ಆ ಗೊತ್ತನ್ನು ಎರವಲು ಕೊಡುವ ಸಾಧನವೆಂದೇ ನಾನು ಇದನ್ನು ಇಷ್ಟು ವರ್ಷ ಬಳಸಿರುವುದು.

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಸಾಲುಗಳ ನೋಟ. ಹುಡುಕಿದ ಪದ ನಟ್ಟನಡುವೆ ಒಂದರ ಕೆಳಗೊಂದು ಕಂಬದಂತೆ ನಿಲ್ಲುತ್ತದೆ. ಅಕ್ಕಪಕ್ಕದ ಪದಗಳಿಗೆ ಅವುಗಳ ಜಾತಿಗೆ ತಕ್ಕ ಬಣ್ಣ: ಕ್ರಿಯಾಪದಕ್ಕೊಂದು, ನಾಮಪದಕ್ಕೊಂದು, ಪ್ರಿಪೊಸಿಷನ್‌ಗೆ ಇನ್ನೊಂದು. ಎಡಗಡೆಯ ಪದಗಳ ಪ್ರಕಾರ ಜೋಡಿಸು ಎಂದರೆ ಸಾಲುಗಳು ಮಗ್ಗುಲು ಬದಲಿಸುತ್ತವೆ, ಒಂದೇ ಬಣ್ಣದ ಪಟ್ಟೆಗಳು ಮೂಡುತ್ತವೆ. ವ್ಯಾಕರಣ ಕಣ್ಣಿಗೆ ಕಾಣುವುದು ಆಗ. ಉದಾಹರಣೆಗೆ ‘ಬಡ್ಜ್’ ನೋಡಿ. ನಿಘಂಟಿನ ಪ್ರಕಾರ ಅದರ ಅರ್ಥ ಅಲುಗಾಡು. ಸಾಲುಗಳನ್ನು ಎಡಕ್ಕೆ ಜೋಡಿಸಿದೆ. ‘ವುಡಂಟ್’, ‘ಡಿಡಂಟ್’, ‘ವೋಂಟ್’, ‘ರೆಫ್ಯೂಸ್ಡ್ ಟು’ ಹಿಂಡುಗಟ್ಟಿ ಬಂದವು. ಅಲುಗಾಡುವ ಬಡ್ಜ್ ಅಪರೂಪ, ಅಲುಗಾಡದ ಬಡ್ಜ್ ರಾಶಿ ರಾಶಿ. ಓದುತ್ತಾ ಹೋದಂತೆ ‘ಜಪ್ಪಯ್ಯ ಎಂದರೂ ಜಗ್ಗಲಿಲ್ಲ’ ಎಂಬುದು ತಾನಾಗಿ ಬಾಯಿಗೆ ಬಂತು. (ಹಗ್ಗ ಜಗ್ಗುವ ಮಾತು ಬೇರೆ ಬಿಡಿ.) ‘ಸುತರಾಂ ಒಪ್ಪಿದ’ ಎಂದು ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ? ಇಲ್ಲ ಎಂಬುದರ ಜೊತೆಯೇ ಬಾಳುವ ಪದಗಳು ಎರಡೂ ಭಾಷೆಗಳಲ್ಲಿವೆ. ಅಂದಿನಿಂದ ‘ಜಗ್ಗಲಿಲ್ಲ’ ಬಂದಲ್ಲೆಲ್ಲ ಧೈರ್ಯವಾಗಿ ‘ಬಡ್ಜ್’ ಹಾಕುತ್ತೇನೆ.

ವಿಭಕ್ತಿಯ ಗೊಂದಲಗಳಿಗೂ ಇದೇ ಮದ್ದು. ‘ನನಗೆ ಕೊಡು’, ‘ನನಗೆ ವಿವರಿಸು’ ಎರಡರಲ್ಲೂ ನಮಗೆ ಒಂದೇ ‘ಗೆ’. ಅದಕ್ಕೇ ‘ಗಿವ್ ಮಿ’ ಕಲಿತವರು ‘ಎಕ್ಸ್‌ಪ್ಲೇನ್ ಮಿ’ ಎಂದುಬಿಡುತ್ತೇವೆ. ನಡುವೆ ‘ಟು’ ಬೇಕು ಎಂಬುದನ್ನು ಶಾಲೆಯಲ್ಲೇ ತಿದ್ದಿದ್ದರು. ಆದರೆ ಆ ‘ಟು ಮಿ’ ಎಲ್ಲಿ ಕೂರಬೇಕು ಎಂಬುದನ್ನು ತಿಳಿಸಿದ್ದು ಸಾಲುಗಳು. ವಿವರಿಸಬೇಕಾದ್ದು ‘ಇಟ್’ ಎಂಬಷ್ಟು ಪುಟ್ಟದಾದರೆ ‘ಎಕ್ಸ್‌ಪ್ಲೇನ್ ಇಟ್ ಟು ಮಿ’. ಅದು ಉದ್ದನೆಯ ವಾಕ್ಯವಾದರೆ ‘ಟು ಮಿ’ ಮುಂದೆ ಬಂದು, ಅದರ ಹಿಂದೆ ‘ಹೌ’, ‘ವೈ’, ‘ವಾಟ್’ ಬಾಲ ಕಟ್ಟಿಕೊಂಡು ಬರುತ್ತವೆ.

ಈಗ ಎಚ್ಚರಿಕೆಯ ಮಾತು. ಆರಂಭದ ದಿನಗಳಲ್ಲಿ ನಾನು ಎಣಿಕೆ ನೋಡಿ ತೀರ್ಪು ಕೊಡುತ್ತಿದ್ದೆ. ‘ಡಿಸ್ಕಸ್ ಅಬೌಟ್’ ಹುಡುಕಿದಾಗ ಕೆಲವು ಸಾಲುಗಳು ಸಿಕ್ಕವು. ಅಮೆರಿಕದವರೇ ಬಳಸುತ್ತಾರೆ, ಇನ್ನೇನು ಎಂದು ಬೀಗಿದೆ. ಆಮೇಲೆ ಒಂದೊಂದನ್ನೇ ಬಿಡಿಸಿ ಓದಿದರೆ ಕೆಲವು ಕಡೆ ಆ ‘ಅಬೌಟ್’ ಎಂದರೆ ‘ಸುಮಾರು’, ಇನ್ನು ಕೆಲವು ಕಡೆ ಚರ್ಚಿಸುವ ವಿಷಯ ವಾಕ್ಯದಲ್ಲಿ ಮೊದಲೇ ಬಂದು ‘ಅಬೌಟ್’ ಕೊನೆಗೆ ಒಂಟಿಯಾಗಿ ಉಳಿದಿತ್ತು. ಪದಗಳಿಗೆ ಜಾತಿಯ ಚೀಟಿ ಅಂಟಿಸುವುದೂ ಯಂತ್ರವೇ, ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ‘ಕ್ಲಾಸ್’ ಎಂಬ ತಂತ್ರಾಂಶ. ನೂರಕ್ಕೆ ಮೂರೋ ನಾಲ್ಕೋ ಪದಗಳಲ್ಲಿ ಅದು ಎಡವುತ್ತದೆ. ಸಾಲು ಓದದೆ ಸಂಖ್ಯೆ ನಂಬಬೇಡಿ.

ಇನ್ನು ಇತಿಮಿತಿ. ಇದು ಅಮೆರಿಕದ ಇಂಗ್ಲಿಷ್. ‘ಡಿಫರೆಂಟ್ ದ್ಯಾನ್’ ಇಲ್ಲಿ ಧಾರಾಳ. ಲಂಡನ್ನಿನ ಪ್ರಕಾಶಕರಿಗೆ ಬರೆಯುವಾಗ ಇದನ್ನೇ ನೆಚ್ಚಿದರೆ ಮತ್ತೆ ಪೆನ್ಸಿಲ್ ಗುರುತು ಖಂಡಿತ. ಪಠ್ಯಗಳು 1990ರಿಂದ 2019ರವರೆಗಿನವು. ‘ಲಾಕ್‌ಡೌನ್’ ಹುಡುಕಿದರೆ ಸೆರೆಮನೆಯೂ ಗುಂಡಿನ ದಾಳಿಗೆ ಹೆದರಿ ಬಾಗಿಲು ಹಾಕಿದ ಶಾಲೆಯೂ ಸಿಗುತ್ತವೆ, ಕೊರೊನಾ ಇಲ್ಲ. ‘ಆಡುಮಾತು’ ಎಂಬ ವಿಭಾಗದಲ್ಲಿರುವುದು ಟಿವಿ, ರೇಡಿಯೊ ಕಾರ್ಯಕ್ರಮಗಳ ಮಾತು. ಕ್ಯಾಮೆರಾ ಮುಂದೆ ಕೂತವರು ಅಡುಗೆಮನೆಯಲ್ಲಿ ಮಾತಾಡುವಂತೆ ಮಾತಾಡುವುದಿಲ್ಲವಲ್ಲ. ಖರ್ಚಿನ ವಿಷಯಕ್ಕೆ ಬಂದರೆ, ಹೆಸರು ನೋಂದಾಯಿಸಿಕೊಂಡರೆ ಉಚಿತ, ಆದರೆ ದಿನಕ್ಕೆ ಇಷ್ಟೇ ಹುಡುಕಾಟ ಎಂಬ ಮಿತಿ ಇದೆ. ಹೆಚ್ಚು ಬೇಕಾದವರು ವರ್ಷದ ಚಂದಾ ಕಟ್ಟಬೇಕು. ಮೊದಲ ಎರಡು ವರ್ಷ ನಾನು ಪುಕ್ಕಟೆಯಾಗಿಯೇ ನಿಭಾಯಿಸಿದೆ.

ಅದೇ ಲಾಗಿನ್‌ನಲ್ಲಿ ಸಿಗುವ ‘ಗ್ಲೋಬ್’ ಎಂಬ ಇನ್ನೊಂದು ಕಾರ್ಪಸ್ಸನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. 2013ರಲ್ಲಿ ಬಂದದ್ದು, 20 ದೇಶಗಳ ಜಾಲತಾಣಗಳ 190 ಕೋಟಿ ಪದ, ಅದರಲ್ಲಿ ಭಾರತದ್ದೇ ಒಂದು ಪ್ರತ್ಯೇಕ ಕಂಬ. ಭಾರತದ ಇಂಗ್ಲಿಷನ್ನು ಲೆಕ್ಕಕ್ಕೆ ಹಿಡಿಯುವ ಕೆಲಸ ನಮ್ಮ ನೆರೆಯಲ್ಲೇ ನಡೆದಿತ್ತು. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಪ್ರೊ. ಎಸ್. ವಿ. ಶಾಸ್ತ್ರಿ ಅವರು 1978ರ ಬರಹಗಳಿಂದ ಹತ್ತು ಲಕ್ಷ ಪದಗಳ ಕಾರ್ಪಸ್ ಕಟ್ಟಿದ್ದರು. ಅಂದಿನ ಕಂಪ್ಯೂಟರುಗಳಲ್ಲಿ ಅಷ್ಟನ್ನು ತುಂಬಿದವರ ತಾಳ್ಮೆ ನೆನೆದರೆ ಈ ದಿನಮಿತಿಯ ಬಗ್ಗೆ ಗೊಣಗಲು ನಾಚಿಕೆಯಾಗುತ್ತದೆ.

ಮೊನ್ನೆ ಪಕ್ಕದ ಮನೆಯ ಹುಡುಗಿ, ಬಿ.ಎ. ಕೊನೆಯ ವರ್ಷ, ಪ್ರಬಂಧ ಹಿಡಿದು ಬಂದಿದ್ದಳು. ‘ಡಿಸ್ಕಸ್ ಅಬೌಟ್ ತಪ್ಪು ಅಂತ ಅಂಕ ಕಳೆದಿದ್ದಾರೆ ಅಂಕಲ್, ಎಲ್ಲರೂ ಹಾಗೇ ಹೇಳುತ್ತಾರಲ್ಲ?’ ಎಂದು ಅವಳ ತಕರಾರು. ಗ್ಲೋಬ್ ತೆರೆದು ದೇಶವಾರು ಪಟ್ಟಿ ತೋರಿಸಿದೆ. ಅಮೆರಿಕ, ಬ್ರಿಟನ್ನಿನ ಕಂಬಗಳು ಕುಳ್ಳು, ಏಷ್ಯಾದ ಕಂಬಗಳು ಎತ್ತರ. ‘ಹಾಗಾದರೆ ನಾನು ಒಬ್ಬಳೇ ಅಲ್ಲ’ ಎಂದು ಖುಷಿಯಾದಳು. ಪರೀಕ್ಷೆಯಲ್ಲಿ ‘ಅಬೌಟ್’ ಬಿಟ್ಟೇ ಬರಿ ಎಂದು ಹೇಳಿ ಕಳಿಸಿದೆ. ಚಂದಾ ಮುಂದಿನ ತಿಂಗಳು ಮುಗಿಯುತ್ತದೆ, ಮತ್ತೆ ಕಟ್ಟುತ್ತೇನೆ. ಐದಕ್ಕೆ ನಾಲ್ಕೂವರೆ ನಕ್ಷತ್ರ.