ಮಿಯಾಟಾಗೆ ಹಾಕಿದ ಹಳದಿ ಶಾಕ್‌ಗಳು: ಐದು ಬೇಸಿಗೆ, 28,000 ಮೈಲಿ

ಅಪ್ಪ ಮಿಶಿಗನ್‌ಗೆ ಬಂದಾಗ ಅವರನ್ನು ಕೂರಿಸಿಕೊಂಡು ಹೈನ್ಸ್ ಡ್ರೈವ್‌ನಲ್ಲಿ ಒಂದು ಸುತ್ತು ಹೋಗಿದ್ದೆ. ಹಾಸನದ ಬಸ್ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದವರು. ನದಿ ಪಕ್ಕದ ತಿರುವುಗಳನ್ನು ನೋಡುತ್ತಾರೆ, ಖುಷಿಪಡುತ್ತಾರೆ ಅಂದುಕೊಂಡಿದ್ದರೆ, ಎರಡನೇ ಉಬ್ಬು ದಾಟುತ್ತಿದ್ದಂತೆ ಡ್ಯಾಶ್‌ಬೋರ್ಡ್ ಹಿಡಿದುಕೊಂಡು, "ಇದೇನೋ, ಎತ್ತಿನಗಾಡಿ ಥರ ಕುಣೀತಿದ್ಯಲ್ಲೋ. ಶಾಕ್ ಸತ್ತು ಎಷ್ಟು ದಿನ ಆಯ್ತೋ?" ಅಂದರು.

ನನ್ನದು 2001ರ ಮಾಜ್ದಾ ಮಿಯಾಟಾ, ಎರಡನೇ ತಲೆಮಾರಿನದು, 1.8 ಲೀಟರ್ ಎಂಜಿನ್, ಮೇಲ್ಛಾವಣಿ ಮಡಚಬಹುದು. ಕೊಂಡಾಗಲೇ 94,000 ಮೈಲಿ ಓಡಿತ್ತು, ಶಾಕ್‌ಗಳು ಕಂಪನಿಯಿಂದ ಬಂದವೇ. ಗಾಡಿಯ ಮೂಲೆ ಒತ್ತಿ ಬಿಟ್ಟರೆ ಒಂದು ಸಲ ಎದ್ದು ನಿಲ್ಲಬೇಕು, ನನ್ನದು ಜೋಕಾಲಿ. ಭಾರ ಹೊರುವುದು ಸ್ಪ್ರಿಂಗಿನ ಕೆಲಸ, ಆ ಸ್ಪ್ರಿಂಗ್ ಕುಣಿಯದಂತೆ ಹಿಡಿಯುವುದು ಶಾಕಿನ ಕೆಲಸ. ಒಳಗಿನ ಪಿಸ್ಟನ್ ಎಣ್ಣೆಯನ್ನು ಸಣ್ಣ ಕವಾಟಗಳಲ್ಲಿ ತೂರಿಸುತ್ತದೆ, ಕುಣಿತದ ಶಕ್ತಿ ಬಿಸಿಯಾಗಿ ಹೋಗುತ್ತದೆ. ಹಿಡಿತ ಹೋಗುವುದು ನಿಧಾನವಾಗಿ, ಆದ್ದರಿಂದ ದಿನಾ ಓಡಿಸುವವನಿಗೆ ಅದು ಗೊತ್ತೇ ಆಗುವುದಿಲ್ಲ. ಹೊರಗಿನಿಂದ ಬಂದವರಿಗೆ ಹತ್ತು ನಿಮಿಷ ಸಾಕು.

ಕೊನೆಗೆ ಆರಿಸಿದ್ದು ಕೋನಿ ಸ್ಪೋರ್ಟ್, ಆ ಹಳದಿ ಬಣ್ಣದ್ದು. ನೆದರ್‌ಲ್ಯಾಂಡ್ಸ್‌ನ ಕಂಪನಿ. ಬಿಲ್‌ಸ್ಟೀನ್ ಕಂಪನಿಯ ಶಾಕ್ ಕೂಡ ಮನಸ್ಸಿನಲ್ಲಿತ್ತು, ಆದರೆ ಕೋನಿಯಲ್ಲಿ ರಿಬೌಂಡ್ ಅನ್ನು ನಾವೇ ಹೊಂದಿಸಿಕೊಳ್ಳಬಹುದು. ಅಂದರೆ ಒತ್ತಿದ ಸ್ಪ್ರಿಂಗ್ ಮತ್ತೆ ಹಿಗ್ಗುವಾಗ ಎಷ್ಟು ತಡೆಯಬೇಕು ಅನ್ನುವುದನ್ನು. ಶಾಕಿನಿಂದ ಮೇಲೆ ಚಾಚುವ ರಾಡಿನ ತುದಿಗೆ ಗುಬುಟು ಸಿಕ್ಕಿಸಿ ತಿರುಗಿಸಿದರೆ ಆಯಿತು. ಗುಂಡಿಗೆ ಬಿದ್ದಾಗ ಒಳಕ್ಕೆ ಒತ್ತಿಕೊಳ್ಳುವ ಕಡೆಯ ಬಿಗಿ ಬದಲಾಗುವುದಿಲ್ಲ, ಬೆನ್ನಿನ ದೃಷ್ಟಿಯಿಂದ ಅದೇ ಒಳ್ಳೆಯದು. ನಾಲ್ಕಕ್ಕೂ ಸೇರಿ ಆಗ ಸುಮಾರು 700 ಡಾಲರ್ ಕೊಟ್ಟೆ. ಸ್ಪ್ರಿಂಗ್ ಹಳೆಯದನ್ನೇ ಉಳಿಸಿಕೊಂಡೆ. ಗಾಡಿ ತಗ್ಗಿಸುವ ಸ್ಪ್ರಿಂಗ್ ಹಾಕು ಅಂತ ಹೇಳಿದ ಗೆಳೆಯರಿಗೇನೂ ಕೊರತೆ ಇರಲಿಲ್ಲ. ಆದರೆ ಈ ಗಾಡಿಯಲ್ಲಿ ಚಕ್ರ ಮೇಲಕ್ಕೆ ಹೋಗಲು ಇರುವ ಜಾಗವೇ ಕಡಿಮೆ. ಇನ್ನೂ ತಗ್ಗಿಸಿದರೆ ಸಣ್ಣ ಉಬ್ಬಿಗೂ ಬಂಪ್ ಸ್ಟಾಪಿಗೆ ಹೋಗಿ ಕೂರುತ್ತದೆ.

ಶಾಕಿಗಿಂತ ಮೊದಲು ತರಬೇಕಾದದ್ದೂ ಆ ಬಂಪ್ ಸ್ಟಾಪ್‌ಗಳನ್ನೇ. ರಾಡಿನ ಸುತ್ತ ಇರುವ ಫೋಮಿನ ತುಂಡು ಅದು. ಹಳೆಯದನ್ನು ಬಿಚ್ಚಿದಾಗ ರಾಗಿಹಿಟ್ಟಿನ ಹಾಗೆ ಉದುರಿತು. ಅಷ್ಟು ದಿನ ಲೋಹಕ್ಕೆ ಲೋಹ ಬಡಿಯುತ್ತಿತ್ತು ಅಂತಾಯಿತು. ಹೊಸ ಬಂಪ್ ಸ್ಟಾಪು, ಶಾಕಿನ ತಲೆಯನ್ನು ಗಾಡಿಗೆ ಸೇರಿಸುವ ಮೌಂಟು, ಅದರ ರಬ್ಬರು ಇವನ್ನು ಬೇರೆಯಾಗಿಯೇ ತರಿಸಬೇಕು. ನಾನು ಆರ್ಡರ್ ಮಾಡಿದ ಆನ್‌ಲೈನ್ ಅಂಗಡಿಯವರು ಮೊದಲ ತಲೆಮಾರಿನ ಗಾಡಿಯ ಮೌಂಟ್ ಕಳಿಸಿ, ಬದಲಾಯಿಸಿ ಕೊಡಲು ಹನ್ನೆರಡು ದಿನ ತೆಗೆದುಕೊಂಡರು. ಅಷ್ಟೂ ದಿನ ಗಾಡಿ ಗ್ಯಾರೇಜಿನಲ್ಲಿ ನಾಲ್ಕು ಸ್ಟ್ಯಾಂಡ್ ಮೇಲೆ ನಿಂತಿತ್ತು. ಸಾಮಾನು ಪೂರ್ತಿ ಕೈಗೆ ಬರುವ ತನಕ ಚಕ್ರ ಬಿಚ್ಚಬೇಡಿ.

ಕೆಲಸ ಕಾಗದದ ಮೇಲೆ ಸುಲಭ. ಒಂದೊಂದು ಶಾಕಿಗೂ ಮೇಲೆ 14 ಎಂಎಂ ನಟ್ಟು ಎರಡು, ಕೆಳಗೆ 17 ಎಂಎಂ ಬೋಲ್ಟು ಒಂದು. ಹಿಂದಿನ ಶಾಕಿನ ತಲೆ ಡಿಕ್ಕಿಯೊಳಗೆ ಸಿಗುತ್ತದೆ. ಆದರೆ ಮಿಶಿಗನ್ನಿನಲ್ಲಿ ಚಳಿಗಾಲ ಪೂರ್ತಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಹಾಗಾಗಿ ಇಲ್ಲಿ ಇಪ್ಪತ್ತು ವರ್ಷದ ಗಾಡಿಯ ಬೋಲ್ಟು ಅಂದರೆ ಬೋಲ್ಟಿನ ಆಕಾರದ ತುಕ್ಕು. ಮೂರು ದಿನ ಮುಂಚೆಯಿಂದ ಬೆಳಿಗ್ಗೆ ಸಂಜೆ ಎಣ್ಣೆ ಸಿಂಪಡಿಸಿದ್ದೆ. ಒಂದು ಬೋಲ್ಟಿನ ತಲೆ ಮುರಿಯಿತು, ಉಳಿದವು ಬಿಚ್ಚಿದವು. ಮುಂದಿನ ಶಾಕ್ ಹೊರಗೆ ಬರಬೇಕಾದರೆ ಚಕ್ರವನ್ನು ಗಾಡಿಗೆ ಸೇರಿಸುವ ತೋಳನ್ನು, ಅಂದರೆ ಆರ್ಮನ್ನು, ಒಬ್ಬರು ಕೆಳಕ್ಕೆ ಅದುಮಿ ಹಿಡಿಯಲೇಬೇಕು. ನನ್ನ ಹೆಂಡತಿ ಅದರ ಮೇಲೆ ಒಂದು ಕಾಲಿಟ್ಟು ನಿಂತು, "ರೀ, ಮಾವನಿಗೆ ಫೋನ್ ಮಾಡ್ಲಾ?" ಅಂತ ಕೇಳಿದ್ದು ನೆನಪಿದೆ. ಬ್ರೇಕ್ ಹೋಸು, ಎಬಿಎಸ್ ತಂತಿ ಎಳೆದುಕೊಳ್ಳದಂತೆ ನೋಡಿಕೊಳ್ಳಬೇಕು.

ನಿಜವಾಗಿ ಹೆದರಬೇಕಾದದ್ದು ಸ್ಪ್ರಿಂಗ್ ಕಂಪ್ರೆಸರ್‌ಗೆ, ಅಂದರೆ ಶಾಕಿನ ಸುತ್ತಲಿನ ಸ್ಪ್ರಿಂಗನ್ನು ಬಿಚ್ಚಲು ಅದನ್ನು ಅದುಮಿ ಹಿಡಿಯುವ ಸಲಕರಣೆಗೆ. ಇಲ್ಲಿನ ಬಿಡಿಭಾಗದ ಅಂಗಡಿಗಳಲ್ಲಿ ಠೇವಣಿ ಇಟ್ಟರೆ ಎರವಲು ಕೊಡುತ್ತಾರೆ. ನನಗೆ ಸಿಕ್ಕಿದ್ದರ ತಿರುಪಿನ ಎಳೆ ಸವೆದು, ತಿರುಗಿಸುವಾಗ ಕೊಕ್ಕೆ ಜಾರಿತು. ಸ್ಪ್ರಿಂಗ್ ಹಾರಲಿಲ್ಲ, ಓರೆಯಾಗಿ ನಿಂತಿತು ಅಷ್ಟೆ. ಆದರೂ ಅವತ್ತಿನ ಕೆಲಸ ಅಲ್ಲಿಗೇ ಮುಗಿಯಿತು. ಮಾರನೇ ದಿನ ಹೊಸದೊಂದನ್ನು ಕೊಂಡೇ ತಂದೆ. ಹೊಸ ಶಾಕಿನ ರಾಡನ್ನು ಇಕ್ಕಳದಲ್ಲಿ ಹಿಡಿಯಬಾರದು, ಗೀರು ಬಿದ್ದರೆ ಸೀಲ್ ಹರಿದು ಎಣ್ಣೆ ಸೋರುತ್ತದೆ. ಮೇಲಿನ ನಟ್ಟಿಗೆ ಇಂಪ್ಯಾಕ್ಟ್ ಗನ್ ಕೂಡ ಬೇಡ, ಒಳಗಿನ ಹೊಂದಾಣಿಕೆಯ ಭಾಗ ಕೆಡಬಹುದು. ಕೈಯಲ್ಲೇ ಬಿಗಿಮಾಡಿ.

ಇಷ್ಟೆಲ್ಲ ಎಚ್ಚರದಿಂದ ಮಾಡಿ, ಸುಲಭದ್ದರಲ್ಲಿ ಎಡವಿದೆ. ಗಾಡಿ ಸ್ಟ್ಯಾಂಡ್ ಮೇಲಿದ್ದಾಗಲೇ, ಚಕ್ರ ಜೋತುಬಿದ್ದಿದ್ದಾಗಲೇ, ಆರ್ಮಿನ ಬೋಲ್ಟುಗಳನ್ನೂ ಪೂರ್ತಿ ಬಿಗಿದುಬಿಟ್ಟೆ. ಇಳಿಸಿದ ಮೇಲೆ ಮುಂಭಾಗ ಎರಡು ಬೆರಳಷ್ಟು ಎತ್ತರ ನಿಂತಿತು, ರಸ್ತೆಯ ಪ್ರತಿ ಗೀಟೂ ಸೊಂಟಕ್ಕೆ ಬರುತ್ತಿತ್ತು. ಕೋನಿಯೇ ಸರಿಯಿಲ್ಲ ಅಂತ ಒಂದು ವಾರ ಬೈದುಕೊಂಡು ಓಡಾಡಿದೆ. ಆಮೇಲೆ ಹಾಸನಕ್ಕೆ ವಿಡಿಯೋ ಕಾಲ್ ಮಾಡಿದರೆ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಬುಷ್ ಬೋಲ್ಟ್ ಟೈಟ್ ಮಾಡಿದ್ದು ನೆಲದ ಮೇಲೋ, ಗಾಳೀಲೋ?" ಆರ್ಮಿನ ರಬ್ಬರ್ ಬುಷ್ಷು ಬೋಲ್ಟಿನ ಸುತ್ತ ಉರುಳುವುದಿಲ್ಲ, ತಿರುಚಿಕೊಳ್ಳುತ್ತದೆ. ಜೋತುಬಿದ್ದ ಸ್ಥಿತಿಯಲ್ಲಿ ಬಿಗಿದರೆ ಗಾಡಿ ನೆಲಕ್ಕಿಳಿದಾಗ ಅದು ಸದಾ ತಿರುಚಿಕೊಂಡೇ ಇರುತ್ತದೆ, ಇನ್ನೊಂದು ಸ್ಪ್ರಿಂಗಿನ ಹಾಗೆ ಗಾಡಿಯನ್ನು ಎತ್ತುತ್ತದೆ, ಕೊನೆಗೆ ಹರಿಯುತ್ತದೆ. ನಾಲ್ಕೂ ಚಕ್ರದ ಕೆಳಗೆ ಮರದ ದಿಮ್ಮಿ ಇಟ್ಟು, ಗಾಡಿಯ ಭಾರ ಚಕ್ರದ ಮೇಲೇ ಇರುವಂತೆ ಮಾಡಿ, ಎಲ್ಲ ಸಡಿಲಿಸಿ ಮತ್ತೆ ಬಿಗಿದೆ. ಅರ್ಧ ದಿನದ ಕೆಲಸ. ಸಂಜೆ ಓಡಿಸಿದರೆ ಬೇರೆಯೇ ಗಾಡಿ.

ಆಮೇಲೆ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಸರಿಮಾಡಿಸುವುದು. ಮಿಯಾಟಾದಲ್ಲಿ ಹಿಂದೆ ಮುಂದೆ ಎರಡೂ ಕಡೆ ಕೆಳಗಿನ ಆರ್ಮಿಗೆ ಕ್ಯಾಮ್ ಬೋಲ್ಟುಗಳಿವೆ, ತಿರುಗಿಸಿದರೆ ಚಕ್ರದ ಕೋನ ಬದಲಾಗುತ್ತದೆ. ಹಿಂದಿನ ಎಡಗಡೆಯದು ಬುಷ್ಷಿನ ಒಳಗಿನ ಕೊಳವೆಗೆ ತುಕ್ಕು ಹಿಡಿದು ಒಂದಾಗಿಬಿಟ್ಟಿತ್ತು. ನಮ್ಮೂರಿನ ಒಂದು ಅಂಗಡಿಯವರು "ಅದು ತಿರುಗಲ್ಲ" ಅಂತ ಹೇಳಿ ಪೂರ್ತಿ ದುಡ್ಡು ತೆಗೆದುಕೊಂಡು, ಕೋನ ಸರಿಯಿಲ್ಲ ಅಂತ ಕೆಂಪು ಅಂಕಿ ಇದ್ದ ಕಾಗದ ಕೈಗಿಟ್ಟರು. ಬೋಲ್ಟ್ ಕತ್ತರಿಸಿ ಹೊಸದು ಹಾಕಿಕೊಂಡು ಇನ್ನೊಂದು ಕಡೆ ಮಾಡಿಸಿದೆ. ಉಪ್ಪಿನ ರಾಜ್ಯದಲ್ಲಿ ಹಳೆಯ ಮಿಯಾಟಾ ಕೊಳ್ಳುವವರು ಬಣ್ಣ ನೋಡುವ ಮೊದಲು ಈ ಬೋಲ್ಟುಗಳಿಗೆ ಸ್ಪ್ಯಾನರ್ ಹಾಕಿ ನೋಡಲಿ.

ಈಗ ಐದು ಬೇಸಿಗೆ ಆಯಿತು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ಓಡಿಸುತ್ತೇನೆ. ಎಲ್ಲರಿಗೂ ಮೊದಲು ಬರುವ ಅನುಮಾನ, ಸ್ಪೋರ್ಟ್ ಶಾಕ್ ಹಾಕಿದರೆ ಸೊಂಟ ಹೋಗುತ್ತದೆ ಅಂತ. ನನಗಾದ ಅನುಭವ ಉಲ್ಟಾ. ಪೂರ್ತಿ ಮೆತ್ತಗಿನ ಕಡೆಯಿಂದ ಮುಂದೆ ಮುಕ್ಕಾಲು ಸುತ್ತು, ಹಿಂದೆ ಅರ್ಧ ಸುತ್ತು ತಿರುಗಿಸಿ ಇಟ್ಟಿದ್ದೇನೆ. ಹಳೆಯ ಶಾಕಿನಲ್ಲಿ ಒಂದು ಗುಂಡಿಗೆ ಮೂರು ಏಟು ಬೀಳುತ್ತಿತ್ತು, ಈಗ ಒಂದೇ, ಅದೂ ದುಂಡಗೆ. ಇಲ್ಲಿ ಗುಂಡಿಗೇನೂ ಬರವಿಲ್ಲ. ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿ ಕರಗಿ, ಮತ್ತೆ ಹೆಪ್ಪುಗಟ್ಟಿ ಡಾಂಬರನ್ನೇ ಎಬ್ಬಿಸುತ್ತದೆ. ಮಾರ್ಚ್ ತಿಂಗಳ ಟೆಲಿಗ್ರಾಫ್ ರೋಡಿನಲ್ಲಿ ನಿಂತರೆ ಬೆಂಗಳೂರಿನ ಹೊರವರ್ತುಲ ರಸ್ತೆ ನೆನಪಾಗಿ ಕಣ್ಣು ಒದ್ದೆಯಾಗುತ್ತದೆ. ಒಂದೂವರೆ ಸುತ್ತು ಬಿಗಿ ಮಾಡಿಯೂ ನೋಡಿದೆ. ನುಣುಪು ರಸ್ತೆಯ ತಿರುವಿನಲ್ಲಿ ಸ್ವರ್ಗ, ಮನೆಗೆ ಬರುವಷ್ಟರಲ್ಲಿ ಹಲ್ಲು ಕಟಕಟ. ಚಕ್ರ ಒಂದು ಗುಂಡಿಯಿಂದ ಇಳಿದು ನೆಲ ಹಿಡಿಯುವ ಮುಂಚೆಯೇ ಮುಂದಿನದು ಬಂದಿರುತ್ತದೆ.

ತಿರುವಿನ ನಡುವೆ ಉಬ್ಬು ಬಂದಾಗ ಮೊದಲು ಹಿಂಭಾಗ ಒಂದು ಹೆಜ್ಜೆ ಪಕ್ಕಕ್ಕೆ ಹಾರುತ್ತಿತ್ತು. ಈಗ ಹಾಗಾಗುವುದಿಲ್ಲ. ಟೈರು ಕೂಡ ಅಂಚಿನಲ್ಲಿ ಅಲೆಅಲೆಯಾಗಿ ಸವೆಯುವುದು ನಿಂತಿದೆ.

ಬೇಸರದ ವಿಷಯವೂ ಇದೆ. ಮುಂದಿನ ಗುಬುಟು ಬಾನೆಟ್ ಎತ್ತಿದರೆ ಕೈಗೆ ಸಿಗುತ್ತದೆ. ಹಿಂದಿನದಕ್ಕೆ ಡಿಕ್ಕಿ ಖಾಲಿ ಮಾಡಿ, ಕಾರ್ಪೆಟ್ ತೆಗೆದು, ಎಡಗಡೆ ಪೆಟ್ರೋಲ್ ಕೊಳವೆಯ ಮುಚ್ಚಳವನ್ನೂ ಬಿಚ್ಚಬೇಕು. ಹಾಗಾಗಿ ದಿನಕ್ಕೊಂದು ರೀತಿ ಹೊಂದಿಸಿಕೊಳ್ಳುತ್ತೇನೆ ಅನ್ನುವ ಕನಸು ಎರಡೇ ವಾರದಲ್ಲಿ ಬಿಟ್ಟುಹೋಯಿತು. ಮೂರು ವರ್ಷದಿಂದ ಒಮ್ಮೆಯೂ ತಿರುಗಿಸಿಲ್ಲ.

ಕಳೆದ ಅಕ್ಟೋಬರಿನಲ್ಲಿ ಗಾಡಿ ನಿಲ್ಲಿಸುವ ಮುಂಚೆ ನಾಲ್ಕನ್ನೂ ಒರೆಸಿ ನೋಡಿದೆ. ಎಣ್ಣೆಯ ಪಸೆಯಿಲ್ಲ, ಹಳದಿ ಬಣ್ಣ ಮಾತ್ರ ಬುಡದಲ್ಲಿ ಸಿಪ್ಪೆಯೇಳುತ್ತಿದೆ. ಹಿಂದಿನ ಬಲಗಡೆ ಚಳಿಯ ಬೆಳಿಗ್ಗೆ ಒಂದು ಕಿರ್ರ್ ಶಬ್ದ ಬರುತ್ತಿದೆ. ಮೌಂಟಿನ ರಬ್ಬರ್ ಅಂತ ನಾನು, ಬುಷ್ಷು ಅಂತ ಅಪ್ಪ. ಜೂನ್‌ನಲ್ಲಿ ಅವರು ಮತ್ತೆ ಬರುತ್ತಾರೆ, ಅಲ್ಲಿಯವರೆಗೆ ಬಿಚ್ಚಬೇಡ ಅಂದಿದ್ದಾರೆ.