ಮುಳುಗಿದ ಜೆಟ್‌ಸ್ಕೀಯನ್ನು ಅಂಗಡಿಗೆ ಬಿಟ್ಟು ಬರಬೇಡಿ, ಕಣ್ಣೆದುರೇ ಬಿಚ್ಚಿಸಿ

ಹ್ಯೂಸ್ಟನ್ ಕಡೆ ಇರುವ, ನೀರಾಟದ ಹುಚ್ಚಿರುವ ಕನ್ನಡದವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಿಮ್ಮ ಜೆಟ್‌ಸ್ಕೀ (ನೀರಿನ ಮೇಲೆ ಓಡಿಸುವ ಬೈಕಿನಂಥ ಗಾಡಿ) ಮುಳುಗಿದರೆ "ಬಿಟ್ಟು ಹೋಗಿ, ನಾವು ನೋಡ್ಕೋತೀವಿ" ಅನ್ನುವ ರಿಪೇರಿ ಅಂಗಡಿಗೆ ಬಿಟ್ಟು ಬರಬೇಡಿ. ನನ್ನ ಇಂಜಿನ್ ಹೋಯಿತು, ದುಡ್ಡೂ ಹೋಯಿತು, ಮೇಲಿಂದ "ತಪ್ಪು ನಿಮ್ಮದೇ" ಅಂತ ಎಲ್ಲರೆದುರು ಅನ್ನಿಸಿಕೊಂಡು ಬಂದೆ. ಆ ಮಾತು ಇನ್ನೂ ಚುಚ್ಚುತ್ತಿದೆ.

ನನ್ನದು 2008ರ ಯಮಾಹಾ ಸೂಪರ್‌ಜೆಟ್. ನಿಂತು ಓಡಿಸುವಂಥದ್ದು, ಸೀಟಿಲ್ಲ, ಒಬ್ಬರಿಗೆ ಮಾತ್ರ. 701 ಸಿಸಿ, ಎರಡು ಸಿಲಿಂಡರ್, ಟೂ ಸ್ಟ್ರೋಕ್. ಊರಲ್ಲಿ ಆರ್‌ಎಕ್ಸ್ 100 ಓಡಿಸಿ ಬೆಳೆದವರಿಗೆ ಆ ಇಂಜಿನ್ ಮೇಲೆ ಯಾಕೆ ಅಷ್ಟು ಪ್ರೀತಿ ಅಂತ ಹೇಳಬೇಕಾಗಿಲ್ಲ.

ಮುಳುಗಿದ್ದು ಕ್ಲಿಯರ್ ಲೇಕಿನಲ್ಲಿ, ನಾಸಾದ ಜಾನ್ಸನ್ ಸ್ಪೇಸ್ ಸೆಂಟರ್ ಹತ್ತಿರ. ಹೆಸರಿಗೆ ಕೆರೆ. ಆದರೆ ಗ್ಯಾಲ್ವೆಸ್ಟನ್ ಕೊಲ್ಲಿಗೆ ತೆರೆದುಕೊಂಡಿರುವುದರಿಂದ ನೀರಿನಲ್ಲಿ ಉಪ್ಪಿದೆ. ದೊಡ್ಡ ದೋಣಿಯ ಅಲೆಗೆ ಪಲ್ಟಿ ಹೊಡೆದು, ಮುಂದಿನ ಹುಡ್ಡಿನ, ಅಂದರೆ ಇಂಜಿನ್ ಮುಚ್ಚಳದ, ಕ್ಲಿಪ್ಪು ಬಿಟ್ಟುಕೊಂಡು, ಒಳಗೆಲ್ಲ ನೀರು ನುಗ್ಗಿತು. ಬಾಡಿಯೊಳಗೆ ಫೋಮ್ ಇರುವುದರಿಂದ ಮೂತಿ ಮಾತ್ರ ಮೇಲಿತ್ತು. ಸ್ನೇಹಿತನ ದೋಣಿಗೆ ಹಗ್ಗ ಕಟ್ಟಿ ನಿಧಾನವಾಗಿ ದಡಕ್ಕೆ ತಂದೆವು.

ಇಲ್ಲಿಂದ ಗಮನ ಇಟ್ಟು ಓದಿ. ದೋಣಿ ಇಳಿಸುವ ರ‍್ಯಾಂಪಿನಲ್ಲಿ ನನ್ನ ಹತ್ತಿರ ಸ್ಪಾರ್ಕ್ ಪ್ಲಗ್ ಬಿಚ್ಚುವ ಸ್ಪ್ಯಾನರ್ ಇತ್ತು, ಟೂ ಸ್ಟ್ರೋಕ್ ಆಯಿಲ್ ಇತ್ತು. ಮಂಗಳೂರು ಕಡೆಯ ಸ್ನೇಹಿತ ಹೇಳಿದ, "ಮಾರಾಯಾ, ಪ್ಲಗ್ ಬಿಚ್ಚಿ ನೀರಾದ್ರೂ ತೆಗೀವಾ." ಅಷ್ಟರಲ್ಲಿ ಅಂಗಡಿಯವನು ಫೋನಿನಲ್ಲಿ ಸಿಕ್ಕಿದ. ಅವನು ಹೇಳಿದ್ದು ಇಷ್ಟು: "ಏನೂ ಮುಟ್ಟಬೇಡಿ. ಹಾಗೇ ತನ್ನಿ. ನೀವು ಬಿಚ್ಚಿದರೆ ನಮ್ಮ ಕೆಲಸಕ್ಕೆ ಗ್ಯಾರಂಟಿ ಇರೋದಿಲ್ಲ." ಇವತ್ತೇ ನೋಡ್ತೀರಾ ಅಂತ ಕೇಳಿದೆ. "ಇವತ್ತೇ. ಮೆಕ್ಯಾನಿಕ್ ಇಲ್ಲೇ ಇದ್ದಾನೆ." ಸ್ಪೀಕರ್ ಹಾಕಿದ್ದೆ, ಸ್ನೇಹಿತನೂ ಕೇಳಿಸಿಕೊಂಡ. ಇವತ್ತೇ ಅಂತ ಎರಡು ಸಲ ಹೇಳಿದ. ಗ್ಯಾರಂಟಿ ಅಂದ ಮೇಲೆ ಸ್ಪ್ಯಾನರ್ ಕೆಳಗಿಟ್ಟೆವು.

ಇವತ್ತೇ ಅನ್ನುವುದು ಯಾಕೆ ಅಷ್ಟು ಮುಖ್ಯ ಅಂದರೆ, ಟೂ ಸ್ಟ್ರೋಕ್ ಇಂಜಿನ್ನಿಗೆ ಕಾರಿನ ಹಾಗೆ ಕೆಳಗೆ ಆಯಿಲ್ ತುಂಬಿರುವುದಿಲ್ಲ. ಪೆಟ್ರೋಲಿಗೆ 50ಕ್ಕೆ 1ರಂತೆ ಬೆರೆಸಿದ ಆಯಿಲ್ಲೇ ಒಳಗೆ ತಿರುಗುವ ದಂಡದ, ಅಂದರೆ ಕ್ರ್ಯಾಂಕಿನ ಬೇರಿಂಗಿಗೂ ಗತಿ. ನೀರು ನುಗ್ಗಿದರೆ ಆ ತೆಳು ಪದರವೂ ತೊಳೆದು ಹೋಗುತ್ತದೆ. ಬರೀ ಉಕ್ಕು, ಮೇಲೆ ಉಪ್ಪುನೀರು, ಜೊತೆಗೆ ಗಾಳಿ. ನೀರೊಳಗೆ ಇರುವಾಗ ತುಕ್ಕು ನಿಧಾನ. ಮೇಲೆತ್ತಿ ಗಾಳಿ ತಾಗಿದ ಮೇಲೆ ಓಡೋಡಿ ಹಿಡಿಯುತ್ತದೆ. ಹಾಗಾಗಿ ಲೆಕ್ಕ ಗಂಟೆಗಳದ್ದು. ಇದು ಆ ಅಂಗಡಿಯವನಿಗೆ ಗೊತ್ತಿಲ್ಲವೇ? ಗೋಡೆ ತುಂಬಾ ಜೆಟ್‌ಸ್ಕೀ ಫೋಟೋ ಹಾಕಿಕೊಂಡು ಕೂತಿದ್ದಾನೆ, ಅವನಿಗೆ ಗೊತ್ತಿಲ್ಲವೇ?

ಮಧ್ಯಾಹ್ನವೇ ಟ್ರೇಲರ್ ಸಮೇತ ಒಪ್ಪಿಸಿದೆ. ಹೊತ್ತು ಬರೆದ ಚೀಟಿ ಕೊಟ್ಟರು. ಸಂಜೆ ಫೋನ್ ಮಾಡಿದರೆ "ನೋಡ್ತಾ ಇದ್ದಾರೆ" ಅಂದರು. ಮರುದಿನವೂ "ನೋಡ್ತಾ ಇದ್ದಾರೆ." ಮೆಸೇಜು ಹಾಕಿದೆ, ಪ್ಲಗ್ ಬಿಚ್ಚಿ ನೀರು ತೆಗೆದಿರಾ, ಅದೊಂದು ಹೇಳಿ ಸಾಕು ಅಂತ. ಉತ್ತರ: "ಸರ್, ನಮಗೆ ನಮ್ಮ ಕೆಲಸ ಗೊತ್ತು." ಎಷ್ಟು ಸಲ ಕೇಳಿದರೂ ಹೌದು, ಇಲ್ಲ ಎರಡೂ ಇಲ್ಲ.

ಆಮೇಲೆ ಒಂದು ದಿನ ಅವರೇ ಕರೆ ಮಾಡಿದರು. ಕ್ರ್ಯಾಂಕ್ ತುಕ್ಕು ಹಿಡಿದಿದೆ, ಬೇರಿಂಗ್ ಹೋಗಿದೆ, ರೀಬಿಲ್ಡ್ ಮಾಡಿದ ಇಂಜಿನ್ ಹಾಕಬೇಕು. ಬೆಲೆ ಕೇಳಿ ತಲೆ ತಿರುಗಿತು, ಆ ದುಡ್ಡಿಗೆ ಇನ್ನೊಂದು ಹಳೆಯ ಸ್ಕೀ ಬರುತ್ತದೆ. ಬೇಡ, ವಾಪಸ್ ತಗೊಂಡು ಹೋಗ್ತೀನಿ ಅಂದೆ. ಹೋಗಿ ನೋಡಿದರೆ ಬಿಲ್ಲು ರೆಡಿ. ಪರೀಕ್ಷೆಗೆ ಇಷ್ಟು, ಪೆಟ್ರೋಲಿಗೆ ಗಾಳಿ ಬೆರೆಸುವ ಎರಡು ಕಾರ್ಬುರೇಟರ್ ಬಿಚ್ಚಿ ಕ್ಲೀನ್ ಮಾಡಿ ಒಳಗಿನ ರಬ್ಬರ್ ಭಾಗಗಳ ಹೊಸ ಕಿಟ್ ಹಾಕಿದ್ದಕ್ಕೆ ಇಷ್ಟು, ಗಾಡಿ ಇಟ್ಟುಕೊಂಡಿದ್ದಕ್ಕೆ ದಿನಕ್ಕೆ ಇಷ್ಟು. ಅವರೇ ಮುಟ್ಟದೆ ಇಟ್ಟ ದಿನಗಳಿಗೆ ನನ್ನಿಂದ ಬಾಡಿಗೆ!

ಯಾವತ್ತು ಬಿಚ್ಚಿದಿರಿ, ಕೆಲಸದ ಹಾಳೆ ತೋರಿಸಿ ಅಂದೆ. ಕೌಂಟರಿನ ಹುಡುಗ ಏನೂ ಯೋಚಿಸದೆ ತಿರುಗಿಸಿ ತೋರಿಸಿಬಿಟ್ಟ. ಮೆಕ್ಯಾನಿಕ್ ಮೊದಲ ಸಲ ಕೈ ಹಾಕಿದ ತಾರೀಕು ಮುಂದಿನ ವಾರದ್ದು! ಮುಂದಿನ ವಾರ! "ನೋಡ್ತಾ ಇದ್ದಾರೆ" ಅಂತ ನನಗೆ ಹೇಳಿದ ಅಷ್ಟೂ ದಿನ ನನ್ನ ಗಾಡಿ ಹಿತ್ತಲ ಬಿಸಿಲಿನಲ್ಲಿ, ಸಿಲಿಂಡರ್ ತುಂಬಾ ಉಪ್ಪುನೀರು ಇಟ್ಟುಕೊಂಡು ನಿಂತಿತ್ತು. ಆ ಹಾಳೆ ನೋಡಿದಾಗ ಹೊಟ್ಟೆಯಲ್ಲಿ ಏನೋ ಕುಸಿದ ಹಾಗಾಯಿತು. ಮಾಲೀಕ ಬಂದ. ಅವನ ಮಾತುಗಳು ಹಾಗೇ ಬರೆಯುತ್ತೇನೆ. "ಮುಳುಗಿದ ಗಾಡಿ ಅಂದ ಮೇಲೆ ಇದೆಲ್ಲ ಆಗೋದೇ." ಇವತ್ತೇ ನೋಡ್ತೀವಿ ಅಂದಿದ್ರಲ್ಲ ಅಂದೆ. "ನೋಡ್ತೀವಿ ಅಂದ್ವಿ, ಬಿಚ್ತೀವಿ ಅನ್ನಲಿಲ್ಲ." ಮುಟ್ಟಬೇಡಿ ಅಂದವರು ನೀವೇ ಅಲ್ವಾ ಅಂದೆ. "ಅದು ಎಲ್ಲರಿಗೂ ಹೇಳೋ ಮಾತು. ನೀರಿಗೆ ಬೀಳಿಸಿದ್ದು ನೀವು, ತಪ್ಪು ನಿಮ್ಮದೇ." ಹಿಂದೆ ಬೇರೆ ಗಿರಾಕಿಗಳು ನಿಂತು ಕೇಳಿಸಿಕೊಳ್ಳುತ್ತಿದ್ದರು. ನನ್ನ ಮಗನೂ ಪಕ್ಕದಲ್ಲೇ ಇದ್ದ.

ದುಡ್ಡು ಕೊಡದೆ ಗಾಡಿ ಬಿಡುವುದಿಲ್ಲ ಅಂದರು. ಟೆಕ್ಸಾಸ್ ಕಾನೂನಿನಲ್ಲಿ ರಿಪೇರಿ ಮಾಡಿದವರಿಗೆ ಬಾಕಿ ಬರುವ ತನಕ ಹಿಡಿದಿಟ್ಟುಕೊಳ್ಳುವ ಹಕ್ಕಿದೆ. ಕಾರ್ಡಿನಲ್ಲಿ ಕಟ್ಟಿದೆ, ರಸೀದಿ ಮೇಲೆ "ಒಪ್ಪಿಗೆ ಇಲ್ಲ" ಅಂತ ಬರೆದು ಸಹಿ ಹಾಕಿದೆ.

ಮನೆಗೆ ತಂದು ಗ್ಯಾರೇಜಿನಲ್ಲಿ ಕಾರ್ಬುರೇಟರಿನ ಮುಚ್ಚಳ ಬಿಚ್ಚಿದೆ. ಕಿಟ್ ಹಾಕಿದ್ದೇವೆ ಅಂತ ದುಡ್ಡು ತಗೊಂಡ ಕಾರ್ಬುರೇಟರ್ ಅದು. ಒಳಗೆ ನೀರಿನ ಹನಿ ಹಾಗೇ ಇತ್ತು. ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಕಟ್ಟಿತ್ತು. ಸಣ್ಣ ಜಾಲರಿ ತುಂಬಾ ಕೆಸರು. ರಬ್ಬರ್ ಡಯಾಫ್ರಾಮ್ ಹಳೆಯದೇ, ಗಟ್ಟಿಯಾಗಿ ಮುದುರಿತ್ತು. ಎರಡನೆಯದೂ ಹಾಗೇ. ಒಂದಕ್ಕೂ ಸ್ಕ್ರೂ ಡ್ರೈವರ್ ತಾಗಿಸಿರಲಿಲ್ಲ! ಫೋಟೋ ಕಳಿಸಿದೆ. ಉತ್ತರ: "ನಮ್ಮ ಅಂಗಡಿಯಿಂದ ಹೊರಗೆ ಹೋದ ಮೇಲೆ ಏನಾಯಿತೋ ನಮಗೆ ಗೊತ್ತಿಲ್ಲ." ಅದೇ ಕೊನೆ, ಆಮೇಲೆ ನನ್ನ ನಂಬರ್ ಬ್ಲಾಕ್.

ನಿಮ್ಮದು ಮುಳುಗಿದರೆ ಅಂಗಡಿಗೆ ಫೋನ್ ಆಮೇಲೆ ಮಾಡಿ. ಮೊದಲು ಪ್ಲಗ್ ಬಿಚ್ಚಿ. ಬಿಚ್ಚದೆ ಸ್ಟಾರ್ಟ್ ಬಟನ್ ಮಾತ್ರ ಒತ್ತಬೇಡಿ, ನೀರು ಗಾಳಿಯ ಹಾಗೆ ಅದುಮಿಕೊಳ್ಳುವುದಿಲ್ಲ, ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಗ್ಗಿಹೋಗುತ್ತದೆ. ಬ್ಯಾಟರಿ ತೆಗೆದಿಟ್ಟು, ಇಬ್ಬರು ಸೇರಿ ಗಾಡಿಯನ್ನು ಬೋರಲು ಮಾಡಿ ಸಿಲಿಂಡರಿನ ನೀರು ಸುರಿಯಲು ಬಿಡಿ. ಯಾವ ಕಡೆ ಉರುಳಿಸಬೇಕು ಅಂತ ಹಿಂದೆ ಸ್ಟಿಕ್ಕರ್ ಇರುತ್ತದೆ, ಅದೇ ಕಡೆ. ಆಮೇಲೆ ನೆಟ್ಟಗೆ ಮಾಡಿ, ಬ್ಯಾಟರಿ ಹಾಕಿ, ಪ್ಲಗ್ ವೈರುಗಳನ್ನು ಇಂಜಿನ್ನಿನ ಲೋಹಕ್ಕೆ ಜೋಡಿಸಿ ಅರ್ಥ್ ಮಾಡಿ ಸ್ವಲ್ಪ ಸ್ವಲ್ಪ ಹೊತ್ತು ಸೆಲ್ಫ್ ಹೊಡೆಯಿರಿ. ತೂತಿನಿಂದ ನೀರು ಚಿಮ್ಮುತ್ತದೆ, ಮುಖ ಆಚೆ ಇಟ್ಟುಕೊಳ್ಳಿ. ಪೆಟ್ರೋಲಿನ ಹಬೆ ಇರುತ್ತದೆ, ಕಿಡಿ ಹಾರಬಾರದು, ಅರ್ಥ್ ಮರೆಯಬೇಡಿ. ನೀರು ನಿಂತ ಮೇಲೆ ಎರಡೂ ಸಿಲಿಂಡರಿಗೆ ಆಯಿಲ್ ಬಿಟ್ಟು ಮತ್ತೆ ತಿರುಗಿಸಿ. ಟ್ಯಾಂಕಿನ ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಹೊಸದಾಗಿ ಆಯಿಲ್ ಬೆರೆಸಿದ್ದು ಹಾಕಿ. ಕಾರ್ಬುರೇಟರಿನ ನೀರು ತೆಗೆಯಿರಿ, ಎಲೆಕ್ಟ್ರಿಕ್ ಬಾಕ್ಸ್ ಬಿಚ್ಚಿ ಒಣಗಿಸಿ, ಹೊಸ ಪ್ಲಗ್ ಹಾಕಿ. ದಡದಲ್ಲೇ, ಇಂಜಿನ್ ತಂಪಿಗೆ ಪೈಪಿನ ನೀರು ಕೊಟ್ಟು ಓಡಿಸುವುದಾದರೆ ಮೊದಲು ಇಂಜಿನ್, ಆಮೇಲೆ ನೀರು. ನಿಲ್ಲಿಸುವಾಗ ಮೊದಲು ನೀರು, ಆಮೇಲೆ ಇಂಜಿನ್. ಉಲ್ಟಾ ಮಾಡಿದರೆ ಎಕ್ಸಾಸ್ಟಿನಿಂದ ನೀರು ಮತ್ತೆ ಒಳಗೆ ಬರುತ್ತದೆ. ಅದೇ ದಿನ ಸ್ಟಾರ್ಟ್ ಆದರೆ ಬಿಸಿಯಾಗುವ ತನಕ ಚೆನ್ನಾಗಿ ಓಡಿಸಿ. ಆಗಲಿಲ್ಲವೋ, ಇಂಜಿನ್ ಒಳಗೆ ಧಾರಾಳವಾಗಿ ಆಯಿಲ್ ಸುರಿದು ಇಡಿ, ಆಮೇಲೆ ನಿಧಾನವಾಗಿ ಅಂಗಡಿ ಹುಡುಕಿ. ಸಿಕ್ಕ ಅಂಗಡಿಯಲ್ಲಿ ನಿಮ್ಮೆದುರೇ ಪ್ಲಗ್ ಬಿಚ್ಚಿಸಿ. ಅದಕ್ಕೆ ಒಪ್ಪದಿದ್ದರೆ ಟ್ರೇಲರ್ ತಿರುಗಿಸಿ.

ಗಿರಾಕಿಗಳಿಗೆ ಮೋಸದ ವ್ಯಾಪಾರದ ವಿರುದ್ಧ ಟೆಕ್ಸಾಸ್‌ನಲ್ಲಿ ಡಿಟಿಪಿಎ ಅಂತ ಕಾನೂನಿದೆ. ಕೇಸು ಹಾಕುವ 60 ದಿನ ಮುಂಚೆ ಲಿಖಿತ ನೋಟಿಸ್ ಕೊಡಬೇಕು. ನಾನು ಕೊಟ್ಟಿದ್ದೇನೆ. ಜಸ್ಟಿಸ್ ಕೋರ್ಟಿನಲ್ಲಿ 20,000 ಡಾಲರ್ ತನಕದ ವ್ಯಾಜ್ಯಕ್ಕೆ ವಕೀಲರಿಲ್ಲದೆ ನಾವೇ ಹೋಗಬಹುದು, ಅಲ್ಲಿಗೂ ಹೋಗುತ್ತೇನೆ. ಒಪ್ಪಿಸಿದ ಹೊತ್ತಿನ ಚೀಟಿ, ಮೆಸೇಜುಗಳು, ಆ ಕೆಲಸದ ಹಾಳೆಯ ಫೋಟೋ ಎಲ್ಲ ನನ್ನ ಹತ್ತಿರ ಇದೆ. ಈ ಭಾಗದಲ್ಲಿ ಬೇರೆ ಯಾರಿಗಾದರೂ ಹೀಗೇ ಆಗಿದ್ದರೆ ನಿಮ್ಮ ಚೀಟಿ, ಬಿಲ್ಲು ಯಾವುದನ್ನೂ ಬಿಸಾಡಬೇಡಿ.