ಇಳಿಯದೆ ಉಳಿದವರ ಕ್ರೂಸ್: ಎರಡು ಜನವರಿ, ಹದಿನೆಂಟು ರಾತ್ರಿಗಳ ಅನುಭವ

ದೂರಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಈ ವಿಮರ್ಶೆಯನ್ನು ಬರೆಯಲು ಕುಳಿತದ್ದೇ ಆ ದೂರಿಗಾಗಿ. ಸಿಂಗಪುರದಿಂದ ಹೊರಡುವ ಕ್ರೂಸ್ ಹಡಗಿನಲ್ಲಿ ಒಂದರ ಬೆನ್ನಿಗೆ ಇನ್ನೊಂದು ಯಾನವನ್ನು ಕಾಯ್ದಿರಿಸಿ, ನಡುವೆ ಊರಿಗೆ ಮರಳದೆ ಅದೇ ಕ್ಯಾಬಿನ್ನಿನಲ್ಲಿ ಮುಂದುವರಿಯುವ ನಮ್ಮಂಥವರನ್ನು ಹಡಗಿನ ಕಂಪನಿ ಪ್ರತಿ ಯಾನದ ಕೊನೆಗೆ ಪೂರ್ತಿಯಾಗಿ ಮರೆತುಬಿಡುತ್ತದೆ. ಮಂಚ ಅದೇ, ಬೀರುವಿನಲ್ಲಿ ನೇತುಹಾಕಿದ ಬಟ್ಟೆ ಅದೇ. ಆದರೆ ಅವರ ದಾಖಲೆಯಲ್ಲಿ ನಾವು ಆಗತಾನೆ ಬಾಗಿಲಿಗೆ ಬಂದ ಅಪರಿಚಿತರು. ಹಡಗಿನ ಉದ್ದಗಲ, ಈಜುಕೊಳ, ನಾಟ್ಯಮಂದಿರಗಳ ವಿವರ ಎಲ್ಲ ಕಡೆ ಸಿಗುವುದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ.

ನಾನು ಹುಬ್ಬಳ್ಳಿಯ ವಿದ್ಯಾನಗರದವಳು. ಬ್ಯಾಂಕಿನಲ್ಲಿ ಮೂವತ್ತು ವರ್ಷಕ್ಕಿಂತ ಹೆಚ್ಚು ಕೆಲಸ ಮಾಡಿ ನಿವೃತ್ತಳಾದ ಮೇಲೆ, ಮೊಣಕಾಲು ನೋವಿರುವ ಯಜಮಾನರನ್ನು ಕರೆದುಕೊಂಡು ಎಲ್ಲಿಗೆ ಹೋಗಬಹುದು ಎಂದು ಯೋಚಿಸಿದಾಗ, ದಿನಕ್ಕೊಂದು ಹೋಟೆಲು ಬದಲಿಸುವ, ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತಿಳಿಯುವ ಪ್ರವಾಸ ನಮಗೆ ಆಗದೆಂದು ಗೊತ್ತಾಯಿತು. ಹಡಗಾದರೆ ಮಲಗುವ ಜಾಗ ಒಂದೇ, ಊರುಗಳೇ ಬದಲಾಗುತ್ತವೆ. 2024ರ ಜನವರಿಯಲ್ಲಿ ನಾಲ್ಕು ರಾತ್ರಿ ಮತ್ತು ಮೂರು ರಾತ್ರಿಗಳ ಎರಡು ಯಾನಗಳನ್ನೂ, 2025ರ ಜನವರಿಯಲ್ಲಿ ನಾಲ್ಕು, ಮೂರು, ನಾಲ್ಕು ಎಂದು ಮೂರು ಯಾನಗಳನ್ನೂ ಒಂದೇ ಹಡಗಿನಲ್ಲಿ ಮಾಡಿದೆವು. ಬೆಂಗಳೂರಿನಿಂದ ಸಿಂಗಪುರಕ್ಕೆ ಹೋಗಿಬರುವ ವಿಮಾನದ ಖರ್ಚು ಒಂದು ಯಾನಕ್ಕೂ ಅಷ್ಟೇ, ಮೂರಕ್ಕೂ ಅಷ್ಟೇ ಎಂಬ ಲೆಕ್ಕವೂ ಅದರ ಹಿಂದಿತ್ತು.

ಹಡಗಿನಲ್ಲಿ ನಾಲ್ಕೈದು ದಿನ ಕಳೆದ ಮೇಲೆ ಅದು ಮನೆಯಂತೆ ಆಗಿಬಿಡುತ್ತದೆ. ನಾನು ಐದೂವರೆಗೆ ಎದ್ದು, ದುರ್ಗದ ಬೈಲಿನಲ್ಲಿ ಕೊಂಡ ಸ್ಟೀಲಿನ ಥರ್ಮಾಸನ್ನು ಹಿಡಿದು ಮೇಲಿನ ಬುಫೆಗೆ ಹೋಗುತ್ತಿದ್ದೆ. ಕ್ಯಾಬಿನ್ನಿನಲ್ಲಿ ನೀರು ಕಾಯಿಸುವ ಕೆಟಲ್ ಇರುವುದಿಲ್ಲ, ನಾವು ಒಯ್ಯುವುದಕ್ಕೂ ಬಿಡುವುದಿಲ್ಲ. ಬೆಂಕಿಯ ಭಯವಿರುವ ಕಡೆ ಆ ನಿಯಮ ಸರಿಯಾದುದೇ. ಬುಫೆಯಲ್ಲಿ ಬಿಸಿನೀರಿನ ನಲ್ಲಿ ಹಗಲುರಾತ್ರಿ ತೆರೆದಿರುತ್ತದೆ. ಮೊದಲು ಅರ್ಧ ಲೋಟ ಬಿಸಿನೀರಿನಿಂದ ಥರ್ಮಾಸನ್ನು ಗಲಬರಿಸಿ ಚೆಲ್ಲಿ, ಬಳಿಕ ತುಂಬಿ, ಎರಡು ಚಮಚ ಚಹಾಪುಡಿ ಮತ್ತು ಒಂದು ಚಿಟಿಕೆ ಶುಂಠಿ ಪುಡಿ ಹಾಕಿ ಮುಚ್ಚಳ ಬಿಗಿದರೆ, ಕೆಳಗೆ ನಡೆದುಬರುವಷ್ಟರಲ್ಲಿ ಚಹಾ ಬಣ್ಣ ಬಿಟ್ಟಿರುತ್ತಿತ್ತು. ಅದನ್ನು ಕುಡಿದು ನಡಿಗೆಯ ಡೆಕ್ಕಿನಲ್ಲಿ ಸುತ್ತು ಹಾಕುತ್ತಿದ್ದೆವು. ಉಣಕಲ್ ಕೆರೆಯ ದಂಡೆಯ ಮೇಲೆ ನಡೆಯುವಷ್ಟೇ ಹೊತ್ತು, ಅಷ್ಟೇ ನಿಧಾನ; ಆದರೆ ಇಲ್ಲಿ ಒಂದು ಬದಿಗೆ ಮಲಾಕ್ಕಾ ಜಲಸಂಧಿ, ಅದರ ಮೇಲೆ ಸಾಲು ತಪ್ಪದೆ ಸಾಗುವ ಸರಕಿನ ಹಡಗುಗಳ ದೀಪಗಳು. ಜಗತ್ತಿನಲ್ಲಿ ಹಡಗುಗಳ ಓಡಾಟ ಅತ್ಯಂತ ಹೆಚ್ಚಿರುವ ಜಲಮಾರ್ಗಗಳಲ್ಲಿ ಅದೂ ಒಂದು. ಹೋಗುವ ಮತ್ತು ಬರುವ ಹಡಗುಗಳಿಗೆ ಬೇರೆ ಬೇರೆ ದಾರಿ ಗುರುತು ಮಾಡಿದ್ದಾರೆ.

ಸಂಜೆಯ ಪದ್ಧತಿ ಇನ್ನೂ ಮುಖ್ಯವಾದುದು. ನಾವು ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ರಾತ್ರಿಯ ಊಟದ ಕೊನೆಗೆ ಮುಖ್ಯ ಪರಿಚಾರಕರು ಚಿಕ್ಕ ನೋಟ್‌ಬುಕ್ ಹಿಡಿದು ನಮ್ಮ ಮೇಜಿಗೆ ಬಂದು, ಮರುದಿನ ಏನು ಬೇಕೆಂದು ಕೇಳಿ ಬರೆದುಕೊಳ್ಳುತ್ತಿದ್ದರು. ಸಾವಿರಾರು ಜನರಿಗೆ ಅಡುಗೆಯಾಗುವ ಕಡೆ ನಮ್ಮಿಬ್ಬರಿಗಾಗಿ ದಾಲ್, ಬೆಂಡೆಕಾಯಿ ಪಲ್ಯ, ಒಮ್ಮೆ ಬದನೆಕಾಯಿ ಸಹ ಬಂತು. ಎಣ್ಣೆಗಾಯಿ ಎಂದರೇನೆಂದು ನಾನು ವಿವರಿಸಿದ್ದನ್ನು ಅವರು ಪ್ರತಿ ಪದ ಬಿಡದೆ ಬರೆದುಕೊಂಡು ಹೋಗಿ, ಮರುದಿನ ಶೇಂಗಾಪುಡಿ ತುಂಬಿದ ನಾಲ್ಕು ಬದನೆಕಾಯಿಗಳನ್ನು ತಟ್ಟೆಯಲ್ಲಿಟ್ಟು ತಂದು ತೋರಿಸಿದಾಗ ನನಗೆ ಮಾತೇ ಹೊರಡಲಿಲ್ಲ.

ಈ ನೋಟ್‌ಬುಕ್ಕು ಯಾನದ ಕೊನೆಯ ರಾತ್ರಿ ಮುಗಿದುಹೋಗುತ್ತದೆ. 2024ರಲ್ಲಿ ಎರಡನೆಯ ಯಾನದ ಮೊದಲ ಸಂಜೆ ಊಟಕ್ಕೆ ಹೋದಾಗ ನಮ್ಮ ಮೇಜು ಬೇರೆ, ಪರಿಚಾರಕರು ಬೇರೆ, ಸಸ್ಯಾಹಾರದ ಕೋರಿಕೆ ದಾಖಲೆಯಲ್ಲಿ ಇಲ್ಲವೇ ಇಲ್ಲ. ಹಿಂದಿನ ರಾತ್ರಿಯೇ ಹೇಳಬೇಕಾಗಿತ್ತು ಎಂದರು. ಹಿಂದಿನ ರಾತ್ರಿ ಇದೇ ಊಟದ ಕೋಣೆಯಲ್ಲಿ ಕುಳಿತು ಹೇಳಿದ್ದೇವೆ ಎಂದೆ. ಅವರ ಕೈಯಲ್ಲಿದ್ದ ಪಟ್ಟಿಯಲ್ಲಿ ನಮ್ಮ ಮುಂದೆ ಏನೂ ಬರೆದಿರಲಿಲ್ಲ. ಆ ರಾತ್ರಿ ಯಜಮಾನರು ಬ್ರೆಡ್ಡು, ಬೇಯಿಸಿದ ತರಕಾರಿ ಮತ್ತು ನಾವು ಒಯ್ದಿದ್ದ ಪ್ಯಾಕೆಟ್ಟಿನ ಶೇಂಗಾ ಚಟ್ನಿಯಲ್ಲಿ ಊಟ ಮುಗಿಸಿದರು. ಸಕ್ಕರೆ ಕಾಯಿಲೆಗೆ ಗುಳಿಗೆ ತೆಗೆದುಕೊಳ್ಳುವವರಿಗೆ ಇದು ಸಣ್ಣ ವಿಷಯವಲ್ಲ. ಕಂಪನಿಗೆ ಬರೆದ ಪತ್ರಕ್ಕೆ, ಪ್ರತಿ ಯಾನವೂ ಪ್ರತ್ಯೇಕ ಬುಕಿಂಗ್, ಆದ್ದರಿಂದ ಕೋರಿಕೆಯನ್ನೂ ಪ್ರತ್ಯೇಕವಾಗಿ ಸಲ್ಲಿಸಬೇಕು ಎಂಬ ಉತ್ತರ ಬಂತು. ಅದರಂತೆ 2025ರಲ್ಲಿ ಮೂರೂ ಬುಕಿಂಗುಗಳಿಗೆ ಬೇರೆ ಬೇರೆಯಾಗಿ ಕೋರಿಕೆ ಕಳಿಸಿದೆ. ಎರಡನೆಯದಕ್ಕೆ ಸರಿಯಾಯಿತು, ಮೂರನೆಯದಕ್ಕೆ ಮತ್ತೆ ಕಳೆದುಹೋಯಿತು. ಒಂದು ಖಾತೆಯ ಮಾಹಿತಿಯನ್ನು ಅದೇ ಗ್ರಾಹಕರ ಇನ್ನೊಂದು ಖಾತೆಗೆ ಒಯ್ಯುವುದು ಎಷ್ಟು ಚಿಕ್ಕ ಕೆಲಸವೆಂದು ಬ್ಯಾಂಕಿನ ಕೌಂಟರಿನಲ್ಲಿ ಕುಳಿತ ನನಗೆ ಗೊತ್ತಿರುವುದರಿಂದಲೇ ಸಿಟ್ಟು ಇಷ್ಟು ದಿನ ಉಳಿದಿದೆ.

ಯಾನದಿಂದ ಯಾನಕ್ಕೆ ತಿರುಗುವ ದಿನಕ್ಕೆ ಹಡಗಿನವರು ಟರ್ನ್‌ಅರೌಂಡ್ ಎನ್ನುತ್ತಾರೆ. ಹಿಂದಿನ ಸಂಜೆಯೇ ಕ್ಯಾಬಿನ್ನಿಗೆ ಪತ್ರ ಬರುತ್ತದೆ: ಸಾಮಾನು ಕಟ್ಟಬೇಕಾಗಿಲ್ಲ, ಬೆಳಿಗ್ಗೆ ಒಂಬತ್ತೂವರೆಗೆ ಇಂಥ ಲೌಂಜಿನಲ್ಲಿ ಸೇರಬೇಕು, ಪಾಸ್‌ಪೋರ್ಟ್ ಜೊತೆಗಿರಲಿ. ಅಲ್ಲಿ ನಮ್ಮಂತೆ ಮುಂದುವರಿಯುವ ಮೂವತ್ತು ನಲವತ್ತು ಜನ ಸೇರುತ್ತಿದ್ದರು. ಎಲ್ಲರನ್ನೂ ಒಟ್ಟಿಗೆ ಇಳಿಸಿ, ಮರೀನಾ ಬೇ ಕ್ರೂಸ್ ಸೆಂಟರಿನೊಳಗೆ ಇಮಿಗ್ರೇಶನ್ ಮುಗಿಸಿ, ಭದ್ರತಾ ತಪಾಸಣೆ ದಾಟಿಸಿ, ಅದೇ ಹಡಗಿಗೆ ಮತ್ತೆ ಹತ್ತಿಸುತ್ತಾರೆ. ಹಳೆಯ ಯಾನದ ಪ್ರಯಾಣಿಕರ ಲೆಕ್ಕ ಹಡಗಿನ ಕಂಪ್ಯೂಟರಿನಲ್ಲಿ ಸೊನ್ನೆಗೆ ಬರುವ ತನಕ ಹೊಸ ಯಾನದ ಒಬ್ಬರನ್ನೂ ಒಳಗೆ ಬಿಡುವುದಿಲ್ಲ. ಸಂಜೆ ಕ್ಯಾಶ್ ತಾಳೆಯಾಗುವ ತನಕ ಬ್ಯಾಂಕಿನಿಂದ ಯಾರೂ ಮನೆಗೆ ಹೊರಡದಿದ್ದ ದಿನಗಳು ನೆನಪಾಗಿ, ಈ ಕಟ್ಟುನಿಟ್ಟನ್ನು ನಾನು ಮನಸಾರೆ ಒಪ್ಪಿಕೊಂಡೆ. ಒಬ್ಬರು ಸ್ನಾನದ ಕೋಣೆಯಲ್ಲಿ ತಡಮಾಡಿದ್ದಕ್ಕೆ ನಾವೆಲ್ಲ ಇಪ್ಪತ್ತು ನಿಮಿಷ ಹಡಗಿನಿಂದ ಇಳಿಯುವ ಗ್ಯಾಂಗ್‌ವೇ ಬಳಿ ನಿಂತದ್ದೂ ಉಂಟು. ಭಾರತೀಯರು ಇಲ್ಲಿ ಒಂದು ಮಾತನ್ನು ಗಮನಿಸಬೇಕು: ಪ್ರತಿ ಸಲವೂ ಸಿಂಗಪುರಕ್ಕೆ ಹೊಸ ಪ್ರವೇಶವೇ ಆಗುವುದರಿಂದ ಹಲವು ಬಾರಿ ಪ್ರವೇಶಿಸಬಹುದಾದ ವೀಸಾ ಇರಬೇಕು, ಆನ್‌ಲೈನಿನ ಅರೈವಲ್ ಕಾರ್ಡನ್ನೂ ಪ್ರತಿ ಬಾರಿ ತುಂಬಬೇಕು.

ಇಷ್ಟೆಲ್ಲ ಆದ ಮೇಲೆ ಹಡಗಿನೊಳಗೆ ಕಾಲಿಟ್ಟ ಆ ಗಳಿಗೆಗೆ ನಾನು ಸಿದ್ಧಳಾಗಿರಲಿಲ್ಲ. ಸುಮಾರು ಹತ್ತೂಮುಕ್ಕಾಲು ಗಂಟೆ. ಹೊಸಬರು ಹತ್ತಲು ಇನ್ನೂ ಒಂದು ಗಂಟೆ ಇತ್ತು. ಹಿಂದಿನ ದಿನ ಕಾಲಿಡಲು ಜಾಗವಿಲ್ಲದ ಬುಫೆಯಲ್ಲಿ ಒಬ್ಬ ಹುಡುಗ ಮೇಜಿನಿಂದ ಮೇಜಿಗೆ ಉಪ್ಪಿನ ಡಬ್ಬಿಗಳನ್ನು ತುಂಬುತ್ತಿದ್ದ. ಈಜುಕೊಳದ ನೀರು ಅಲುಗದೆ ನಿಂತು, ಆಕಾಶವನ್ನು ಪೂರ್ತಿಯಾಗಿ ತನ್ನೊಳಗೆ ಇಟ್ಟುಕೊಂಡಿತ್ತು. ಸಂಗೀತವಿಲ್ಲ, ಧ್ವನಿವರ್ಧಕವಿಲ್ಲ, ಹೊಟ್ಟೆಯೊಳಗೆಲ್ಲೋ ಯಂತ್ರವೊಂದು ಗುಂಯ್‌ಗುಡುವ ಸದ್ದು ಮಾತ್ರ. ಕ್ಯಾಬಿನ್ನುಗಳ ಓಣಿಯಲ್ಲಿ ಉದ್ದಕ್ಕೂ ಬಾಗಿಲುಗಳು ತೆರೆದಿದ್ದು, ಪ್ರತಿ ಬಾಗಿಲ ಮುಂದೆ ಹಾಸಿಗೆಯ ಬಿಳಿ ಬಟ್ಟೆಗಳ ಗುಡ್ಡೆ ಇತ್ತು.

ಯಜಮಾನರನ್ನು ನೆರಳಿನ ಕುರ್ಚಿಯಲ್ಲಿ ಕೂರಿಸಿ ನಾನು ಕಟಕಟೆ ಹಿಡಿದು ಕೆಳಗೆ ನೋಡುತ್ತ ನಿಂತೆ. ಧಕ್ಕೆಯ ಮೇಲೆ ಫೋರ್ಕ್‌ಲಿಫ್ಟ್ ಗಾಡಿಗಳು ಪ್ಲಾಸ್ಟಿಕ್ ಸುತ್ತಿದ ಸರಕಿನ ಅಟ್ಟಿಗಳನ್ನು ಹಡಗಿನ ಪಕ್ಕೆಯಲ್ಲಿ ತೆರೆದ ಬಾಗಿಲೊಳಗೆ ಒಂದೊಂದಾಗಿ ತಳ್ಳುತ್ತಿದ್ದವು. ಆಲೂಗಡ್ಡೆ, ಎಲೆಕೋಸು, ಮೊಟ್ಟೆಯ ಟ್ರೇಗಳು, ಕೆಂಪು ಬಲೆಚೀಲದಲ್ಲಿ ಉಳ್ಳಾಗಡ್ಡಿ. ಬೆಳೆಸಾಲದ ಕೆಲಸಕ್ಕೆಂದು ಅಮರಗೋಳದ ಎಪಿಎಂಸಿ ಅಂಗಳಕ್ಕೆ ಎಷ್ಟೋ ಸಲ ಹೋಗಿದ್ದ ನನಗೆ ಆ ಚೀಲಗಳನ್ನು ನೋಡಿ ಅಂದಾಜು ಮಾಡದೆ ಇರಲಾಗಲಿಲ್ಲ. ಹಮಾಲರ ಕೂಗು ಒಂದಿಲ್ಲ ಎಂಬುದನ್ನು ಬಿಟ್ಟರೆ ಅದೇ ಅವಸರ, ಅದೇ ಶಿಸ್ತು. ಇನ್ನೊಂದು ಬಾಗಿಲಿನಿಂದ ಒತ್ತಿ ಕಟ್ಟಿದ ರಟ್ಟು ಮತ್ತು ಒಡೆದ ಗಾಜಿನ ಪೆಟ್ಟಿಗೆಗಳು ಹೊರಗೆ ಬರುತ್ತಿದ್ದವು. ಸಮುದ್ರದ ಬದಿಗೆ ಹೋಗಿ ನೋಡಿದರೆ ಇಂಧನದ ದೋಣಿ ಬಂದು ಅಂಟಿಕೊಂಡು, ದಪ್ಪ ಕೊಳವೆಯಿಂದ ಹಡಗಿಗೆ ಎಣ್ಣೆ ಕುಡಿಸುತ್ತಿತ್ತು. ನಾಲ್ಕು ದಿನ ನಾವು ಉಂಡು, ಮಿಂದು, ಮಲಗಿದ್ದರ ಹಿಂದಿನ ಲೆಕ್ಕವೆಲ್ಲ ಆ ಒಂದು ಬೆಳಿಗ್ಗೆ ಕಣ್ಣಿಗೆ ಕಾಣುವಂತೆ ಹೊರಗೆ ಹರಡಿರುತ್ತದೆ. ಮಲೇಷ್ಯಾದ ಪೆನಾಂಗಿನ ಹಳೆಯ ಓಣಿಗಳು ಚೆನ್ನಾಗಿದ್ದವು, ಥಾಯ್ಲೆಂಡಿನ ಫುಕೆಟ್ಟಿನ ಕಡಲತೀರವೂ ಚೆನ್ನಾಗಿತ್ತು. ಆದರೆ ಹದಿನೆಂಟು ರಾತ್ರಿಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಈ ಮೂರು ಬೆಳಿಗ್ಗೆಗಳು.

ನಮ್ಮ ಕ್ಯಾಬಿನ್ ನೋಡಿಕೊಳ್ಳುತ್ತಿದ್ದ ಸ್ಟೀವರ್ಡ್ ಗೋವಾದ ವಾಸ್ಕೋದವನು. ಊರಿನಲ್ಲಿ ಅವನ ಮನೆಯ ಓಣಿಯಲ್ಲಿ ಹುಬ್ಬಳ್ಳಿ, ಗದಗ ಕಡೆಯ ಕುಟುಂಬಗಳು ಬಹಳ ಇದ್ದುದರಿಂದ ನಮ್ಮ ಕಡೆಯ ಕನ್ನಡ ಅವನಿಗೆ ಚೆನ್ನಾಗಿ ಬರುತ್ತಿತ್ತು. ಆ ಬೆಳಿಗ್ಗೆ ಅವನಿಗೆ ಹದಿನಾರು ಕ್ಯಾಬಿನ್ನುಗಳನ್ನು ಮಧ್ಯಾಹ್ನ ಒಂದರೊಳಗೆ ಹೊಸದಾಗಿ ಮಾಡಿ ಮುಗಿಸಬೇಕಾಗಿತ್ತು. ನಾನು ಓಣಿಯಲ್ಲಿ ಕಂಡಾಗ, "ತಮ್ಮಾ, ನಮ್ಮ ಖೋಲಿ ಕಡೀಕ ಮಾಡು, ನಮಗೇನು ಅವಸರ ಇಲ್ಲ" ಎಂದೆ. ಅವನು ಬೆವರು ಒರೆಸಿಕೊಂಡು, "ಅಕ್ಕಾರ, ನಿಮ್ಮದು ಆಗಲೇ ಮುಗಿಸೇನ್ರಿ. ಸಾಹೇಬರಿಗೆ ಕಾಲಿಗೆ ಇಟ್ಕೊಳ್ಳೋ ದಿಂಬು ಹೊಸಾದು ತಂದಿಟ್ಟೇನಿ, ನೋಡ್ರಿ" ಎಂದ. ಒಳಗೆ ಹೋಗಿ ನೋಡಿದರೆ ಹೆಚ್ಚಿನ ದಿಂಬು ಯಜಮಾನರ ಬದಿಗೇ ಇತ್ತು. ಬಚ್ಚಲಿನ ಗೋಡೆಯಿಂದ ಎಳೆದು ಕಟ್ಟುವ ದಾರದ ಮೇಲೆ ನಾನು ಒಣಹಾಕಿದ್ದ ಬಟ್ಟೆಗಳನ್ನು ಮಡಚಿ ಕುರ್ಚಿಯ ಮೇಲೆ ಇಟ್ಟಿದ್ದ. ಥರ್ಮಾಸನ್ನು ಸಹ ತೊಳೆದು ಬೋರಲು ಹಾಕಿದ್ದ. ಕಂಪನಿಯ ಕಂಪ್ಯೂಟರು ಮರೆತದ್ದನ್ನೆಲ್ಲ ಈ ಹುಡುಗ ನೆನಪಿಟ್ಟಿದ್ದ. ಏಳು ತಿಂಗಳಿನಿಂದ ಮನೆಯ ಮುಖ ನೋಡದವನಿಗೆ ಧಾರವಾಡ ಪೇಢೆಯ ಒಂದು ಡಬ್ಬಿ ಕೊಟ್ಟಾಗ, ಸೀಲು ಒಡೆಯದೆ ಎರಡೂ ಕೈಯಲ್ಲಿ ಹಿಡಿದು ವಾಸನೆ ನೋಡಿದ.

ಮುಂದುವರಿಯುವವರೂ ಪ್ರತಿ ಯಾನಕ್ಕೆ ಮತ್ತೆ ಸುರಕ್ಷತಾ ಡ್ರಿಲ್ ಮಾಡಬೇಕು. ಏಳು ಚಿಕ್ಕ ಸಿಳ್ಳು, ಒಂದು ಉದ್ದನೆಯ ಸಿಳ್ಳು ಕೇಳಿದರೆ ಎಲ್ಲಿ ಸೇರಬೇಕು, ಲೈಫ್ ಜಾಕೆಟ್ ಹೇಗೆ ಕಟ್ಟಬೇಕು ಎಂಬುದು ಮೂರನೆಯ ಸಲಕ್ಕೆ ಬಾಯಿಪಾಠವಾಗಿತ್ತು. ಜೊತೆಗಿದ್ದ ಕೆಲವರು ಗೊಣಗಿದರು. ಅವರ ಗೊಣಗಾಟ ನನಗೆ ಸರಿ ಕಾಣಲಿಲ್ಲ. ಹಡಗಿನ ಸುರಕ್ಷತೆಯ ಅಂತಾರಾಷ್ಟ್ರೀಯ ಒಪ್ಪಂದ 1914ರಲ್ಲಿ ಹುಟ್ಟಿದ್ದೇ 1912ರ ಟೈಟಾನಿಕ್ ದುರಂತದಿಂದ. ನೂರು ವರ್ಷದ ಬಳಿಕ, 2012ರ ಜನವರಿಯಲ್ಲಿ ಇಟಲಿಯ ಕರಾವಳಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಕ್ರೂಸ್ ಹಡಗು ಮಗುಚಿ 32 ಜನ ಸತ್ತಾಗ, ಅದೇ ದಿನ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಇನ್ನೂ ಡ್ರಿಲ್ ಆಗಿರಲಿಲ್ಲ. ಆಗ 24 ಗಂಟೆಯೊಳಗೆ ಮಾಡಿದರೆ ಸಾಕಾಗಿತ್ತು. 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಮಾಡಬೇಕೆಂಬ ನಿಯಮ ಜಾರಿಗೆ ಬಂದಿದೆ. ಹತ್ತು ನಿಮಿಷ ನಿಲ್ಲುವುದು ದೊಡ್ಡ ಮಾತಲ್ಲ.

ಖರ್ಚಿನ ವಿಷಯ. 2025ರಲ್ಲಿ ಹನ್ನೊಂದು ರಾತ್ರಿಗೆ ಇಬ್ಬರಿಗೆ ಬಂದರು ಶುಲ್ಕ ಸೇರಿ ಸುಮಾರು ₹2,10,000 ಆಯಿತು, ವಿಮಾನ ಬೇರೆ. ಇದರ ಮೇಲೆ ತಲೆಗೆ ದಿನಕ್ಕೆ 18 ಅಮೆರಿಕನ್ ಡಾಲರಿನಂತೆ ಸೇವಾಶುಲ್ಕ, ಅಂದರೆ ಒಟ್ಟು 396 ಡಾಲರ್. ಅಂದಿನ ದರದಲ್ಲಿ ಮೂವತ್ತನಾಲ್ಕು ಸಾವಿರ ರೂಪಾಯಿ. ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿಯದಿದ್ದರೆ ಕೊನೆಯ ಬಿಲ್ಲು ಕಂಡಾಗ ಸಂಕಟವಾಗುತ್ತದೆ. ಇಂಟರ್‌ನೆಟ್ಟನ್ನು ಯಾನಕ್ಕೊಂದರಂತೆ ಹೊಸದಾಗಿ ಕೊಳ್ಳಬೇಕು. ನಾವು ಕೊಳ್ಳಲಿಲ್ಲ, ಬಂದರಿನಲ್ಲಿ ಇಳಿದಾಗ ಮಕ್ಕಳಿಗೆ ಫೋನ್ ಮಾಡಿದೆವು. ಮೊದಲ ವರ್ಷ ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್ ತೆಗೆದುಕೊಂಡಿದ್ದೆವು. ಮೂರು ದಿನಕ್ಕೆ ಅದು ಸಾಕು, ವಾರ ಕಳೆಯಬೇಕಾದರೆ ಬೇಡ. ಹಗಲು ಯಾವುದು ರಾತ್ರಿ ಯಾವುದು ತಿಳಿಯದೆ ನಿದ್ದೆ ಕೆಡುತ್ತದೆ. ಬೆನ್ನಿಗೆ ಬೆನ್ನು ಯಾನ ಮಾಡುವವರು ಎಲ್ಲ ಯಾನಗಳಿಗೂ ಒಂದೇ ಕ್ಯಾಬಿನ್ ಸಂಖ್ಯೆ ಸಿಗುವುದನ್ನು ಖಚಿತಪಡಿಸಿಕೊಂಡೇ ಹಣ ಕಟ್ಟಬೇಕು. ಇಲ್ಲವಾದರೆ ಆ ಚೆಂದದ ಬೆಳಿಗ್ಗೆ ಪೆಟ್ಟಿಗೆ ಕಟ್ಟುವುದರಲ್ಲೇ ಹೋಗುತ್ತದೆ.

ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತಿದ್ದೇನೆ, ಕಡಿಮೆಯಾದ ಒಂದು ಆ ನೋಟ್‌ಬುಕ್ಕಿನದು. ಮುಂದಿನ ಜನವರಿಗೂ ಅದೇ ಹಡಗಿನಲ್ಲಿ ಮೂರು ಯಾನ ಕಾಯ್ದಿರಿಸಿದ್ದೇವೆ, ಕ್ಯಾಬಿನ್ ಸಂಖ್ಯೆ ಮೂರಕ್ಕೂ ಒಂದೇ ಸಿಕ್ಕಿದೆ. ಊಟದ ಕೋರಿಕೆಯನ್ನು ಮೂರು ಪತ್ರಗಳಲ್ಲಿ ಬೇರೆ ಬೇರೆಯಾಗಿ ಕಳಿಸಿದ್ದೇನೆ. ಎರಡಕ್ಕೆ ಉತ್ತರ ಬಂದಿದೆ, ಮೂರನೆಯದಕ್ಕೆ ಕಾಯುತ್ತಿದ್ದೇನೆ.